ಮಂಡಿ ಸಾಫ್ಟ್‌ವೇರ್ ರಿಪೇರಿಗೆ ಒಂದು ಜ್ಞಾನನಕ್ಷೆ

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದಲಾಲಿ ಅಂಗಡಿಗೆಂದು ಬರೆದ ಬಿಲ್ಲಿಂಗ್ ಸಾಫ್ಟ್‌ವೇರ್ ನಿಮ್ಮ ಕೈಗೆ ಬಂದಿದೆ ಎಂದಿಟ್ಟುಕೊಳ್ಳಿ. ಬರೆದವರು ಕೆಲಸ ಬಿಟ್ಟು ಬೆಂಗಳೂರು ಸೇರಿದ್ದಾರೆ. ಕೋಡ್ ಓದಿದರೆ ಏನು ನಡೆಯುತ್ತದೆ ಎಂಬುದು ಗೊತ್ತಾಗುತ್ತದೆ, ಯಾಕೆ ಹಾಗೆ ಎಂಬುದು ಗೊತ್ತಾಗುವುದಿಲ್ಲ. ಆ 'ಯಾಕೆ'ಗೆ ಒಂದು ಜಾಗ ಬೇಕು. ಆ ಜಾಗವೇ ಜ್ಞಾನನಕ್ಷೆ: ಯಾವುದಕ್ಕೂ ಯಾವುದಕ್ಕೂ ಏನು ಸಂಬಂಧ ಎಂದು ಬರೆದಿಟ್ಟ ದಾಖಲೆ.

ಇಡೀ ಸಾಫ್ಟ್‌ವೇರಿನ ನಕ್ಷೆ ಬರೆಯಲು ಕೂತರೆ ಮುಗಿಯುವ ಕೆಲಸವಲ್ಲ. ಈಚಿನ 30 ದೂರುಗಳನ್ನು ತೆಗೆದು ಒಂದೊಂದನ್ನೂ ಪ್ರಶ್ನೆಯಾಗಿಸಿ: 'ಹಮಾಲಿ ದರ ಬದಲಾದರೆ ಯಾವ್ಯಾವ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಂಡು) ಮುಟ್ಟಬೇಕು?' ಅವುಗಳಲ್ಲಿ ಮತ್ತೆಮತ್ತೆ ಬರುವ 15–20 ಪದಗಳಿಂದ ಶುರುಮಾಡಿ.

ಹೊತ್ತು ಹಿಡಿಯುವುದು, ಹಿಡಿಯಬೇಕಾದದ್ದು, ಪದಗಳ ಅರ್ಥ. 'ಚೀಲ' ಹಮಾಲಿಯ ಲೆಕ್ಕದಲ್ಲಿ ಎಣಿಕೆ. ತೂಕದ ಲೆಕ್ಕದಲ್ಲಿ ಕಳೆಯಬೇಕಾದ ಖಾಲಿ ಚೀಲದ ಭಾರ. ಕೋಡಿನಲ್ಲಿ ಎರಡಕ್ಕೂ ಒಂದೇ ಹೆಸರಿದ್ದರೆ, ಭಾರವನ್ನು 1 ಕಿಲೋದಿಂದ 600 ಗ್ರಾಂಗೆ ಇಳಿಸಲು ಹೋದವರು ಹಮಾಲಿಯನ್ನೂ ಕೆಡಿಸುತ್ತಾರೆ. ಇಳಿಸದೆ ಬಿಟ್ಟರೆ 100 ಚೀಲಕ್ಕೆ ರೈತನಿಗೆ 40 ಕಿಲೋ ಖೋತಾ. ನಕ್ಷೆಯಲ್ಲಿ 'ಚೀಲದ ಎಣಿಕೆ', 'ಚೀಲದ ಭಾರ' ಎಂದು ಬೇರೆಬೇರೆ ಬರೆಯಿರಿ. ಅರ್ಥ ಕೇಳಬೇಕಾದ್ದು ಅಂಗಡಿಯ ಗುಮಾಸ್ತರನ್ನು, ಪ್ರೋಗ್ರಾಮರನ್ನಲ್ಲ.

ದುಬಾರಿ ಟೂಲ್ ಬೇಡ, ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಒಂದು ಟೇಬಲ್ ಸಾಕು. ಕಾಲಂ ಐದು: ಯಾವುದು, ಸಂಬಂಧ, ಯಾವುದಕ್ಕೆ, ಯಾವ ದಿನದಿಂದ, ಆಧಾರ. ಸಂಬಂಧಗಳೂ ನಾಲ್ಕೈದೇ ಇರಲಿ: 'ಬಳಸುತ್ತದೆ', 'ಕಾರಣ', 'ಕೋಡಿನಲ್ಲಿದೆ', 'ಬದಲಿಗೆ ಬಂತು'. ಇಪ್ಪತ್ತಾದರೆ ಒಬ್ಬೊಬ್ಬರು ಒಂದೊಂದು ಥರ ತುಂಬುತ್ತಾರೆ. ಆಧಾರದ ಕಾಲಂನಲ್ಲಿ ದೂರಿನ ನಂಬರ್ ಅಥವಾ ಗಿಟ್ ಕಮಿಟ್ (ಕೋಡಿನ ಒಂದು ಬದಲಾವಣೆಯ ದಾಖಲೆ) ಇರಬೇಕು. ಖಾಲಿ ಇದ್ದರೆ ಆ ಸಾಲು ಬರೀ ಊಹೆ. ಹಳೇ ದರದ ಸಾಲನ್ನು ಅಳಿಸಬೇಡಿ, ಹಳೇ ಪಟ್ಟಿ (ರೈತನಿಗೆ ಕೊಟ್ಟ ಬಿಲ್ಲು) ಮತ್ತೆ ಪ್ರಿಂಟ್ ಮಾಡುವಾಗ ಅದೇ ಬೇಕಾಗುತ್ತದೆ. ಕೋಡಿನ ಜಾಗಕ್ಕೆ ಫೈಲ್ ಮತ್ತು ಫಂಕ್ಷನ್ ಹೆಸರು ಬರೆಯಿರಿ. ಸಾಲಿನ ನಂಬರ್ ನಾಳೆಯೇ ಸರಿದೀತು.

'ಇದನ್ನು ಮುಟ್ಟಿದರೆ ಇನ್ನೇನು ಅಲುಗುತ್ತದೆ' ಎಂದು ಹುಡುಕಲು ಎಸ್‌ಕ್ಯೂಲೈಟಿನಲ್ಲಿ 'ವಿತ್ ರಿಕರ್ಸಿವ್' ಕ್ವೆರಿ ಇದೆ: ಒಂದು ಸಂಬಂಧದಿಂದ ಮುಂದಿನದಕ್ಕೆ ಸಾಗುತ್ತಾ ಹೋಗುವ ಹುಡುಕಾಟ. ಅದರಲ್ಲಿ 'ಯೂನಿಯನ್ ಆಲ್' ಹಾಕಿದರೆ, ದಲಾಲಿ ಮೊತ್ತವನ್ನೂ ಮೊತ್ತ ದಲಾಲಿಯನ್ನೂ ಬಳಸುವಂಥ ಸುತ್ತಿನಲ್ಲಿ ಕ್ವೆರಿ ನಿಲ್ಲುವುದೇ ಇಲ್ಲ. ಬರೀ 'ಯೂನಿಯನ್' ಹಾಕಿ, ಹೆಸರಿನ ಕಾಲಂ ಒಂದನ್ನೇ ಇಡಿ; ಆಗ ಒಮ್ಮೆ ಬಂದ ಹೆಸರು ಮತ್ತೆ ಸೇರುವುದಿಲ್ಲ.

ಪರೀಕ್ಷೆಗೆ, ಈಗಾಗಲೇ ರಿಪೇರಿಯಾದ ಐದು ದೂರುಗಳನ್ನು ನಕ್ಷೆಗೆ ಕೇಳಿ, ಗಿಟ್‌ನಲ್ಲಿ ಆಗ ಬದಲಾದ ಫೈಲುಗಳ ಜೊತೆ ಹೋಲಿಸಿ. ಫೈಲ್ ತಪ್ಪಿಹೋದ ಕಡೆ ಒಂದು ಸಂಬಂಧ ಬಿಟ್ಟಿದ್ದೀರಿ. ನಕ್ಷೆಯ ಫಂಕ್ಷನ್ ಹೆಸರುಗಳು ಕೋಡಿನಲ್ಲಿ ಇನ್ನೂ ಇವೆಯೇ ಎಂದು ಪ್ರತಿ ಬಿಲ್ಡ್‌ನಲ್ಲೂ (ಕೋಡಿನಿಂದ ಸಾಫ್ಟ್‌ವೇರ್ ತಯಾರಿಸುವಾಗಲೆಲ್ಲ) ಒಂದು ಸ್ಕ್ರಿಪ್ಟ್ ನೋಡಲಿ; ಇಲ್ಲದಿದ್ದರೆ ಬಿಲ್ಡ್ ನಿಲ್ಲಲಿ.