ಸುಣ್ಣಕಲ್ಲಿನ ಗುಹೆಯಲ್ಲಿ ಪ್ರಾಣಿ ಸಮೀಕ್ಷೆ ನಡೆಸುವುದು ಹೇಗೆ?

ಸುಣ್ಣಕಲ್ಲು ನೀರಿನಲ್ಲಿ ಕರಗಿ ರೂಪುಗೊಂಡ ಕಾರ್ಸ್ಟ್ ಗುಹೆಯಲ್ಲಿ ದಿನವಿಡೀ ಹುಡುಕಿ ನಾಲ್ಕು ಜೇಡ, ಎರಡು ದುಂಬಿ ಮಾತ್ರ ಸಿಕ್ಕರೆ ಅದನ್ನು ಸೋಲೆಂದು ಬಗೆಯಬೇಕಿಲ್ಲ. ಬಿಸಿಲು ತಲುಪದ, ಹೊರಗಿನಿಂದ ಬರುವ ಆಹಾರವನ್ನೇ ಬಹುಪಾಲು ನೆಚ್ಚಿಕೊಂಡ ಈ ನೆಲೆಯಲ್ಲಿ ಪ್ರಾಣಿಗಳ ಸಂಖ್ಯೆ ಕಡಿಮೆಯೇ ಇರುತ್ತದೆ.

ಗುಹೆಗೆ ಹೋಗುವ ಮೊದಲೇ ಕೆಲಸ ಶುರುವಾಗುತ್ತದೆ. ಬಾವಲಿಗಳ ಶಿಶಿರನಿದ್ರೆ ಮತ್ತು ಮರಿ ಸಾಕುವ ಕಾಲವನ್ನು ತಪ್ಪಿಸಿ ದಿನ ಗೊತ್ತುಮಾಡಿ, ಅನುಮತಿ ಪಡೆಯಬೇಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2006ರಲ್ಲಿ ಮೊದಲು ಕಂಡ ಬಿಳಿಮೂತಿ ರೋಗವು ಲಕ್ಷಾಂತರ ಬಾವಲಿಗಳನ್ನು ಬಲಿ ತೆಗೆದುಕೊಂಡಿದ್ದು, ಅದರ ಶಿಲೀಂಧ್ರವು ಮನುಷ್ಯರ ಬೂಟು, ಬಟ್ಟೆಗಳಿಗೆ ಅಂಟಿಕೊಂಡೂ ಗುಹೆಯಿಂದ ಗುಹೆಗೆ ಸಾಗಬಲ್ಲದು. ಆದ್ದರಿಂದ ಸಲಕರಣೆಗಳ ಕೆಸರನ್ನು ತೊಳೆದು, 55 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಕನಿಷ್ಠ 20 ನಿಮಿಷ ಮುಳುಗಿಸಿಡುವುದು ಒಳ್ಳೆಯದು. ಪ್ರತಿಯೊಬ್ಬರ ಬಳಿಯೂ ಮೂರು ದೀಪಗಳಿರಲಿ. ಮಳೆಯ ಮುನ್ಸೂಚನೆಯಿದ್ದರೆ ಒಳಹೋಗುವುದು ಬೇಡ. ಹಿಂದಿರುಗುವ ಹೊತ್ತನ್ನು ಹೊರಗಿರುವ ಒಬ್ಬರಿಗೆ ತಿಳಿಸಿರಬೇಕು.

ಒಳಗೆ ಹೋದ ಮೇಲೆ ಬಾಯಿಯ ಬೆಳಕಿನ ಭಾಗ, ಮಬ್ಬುಗತ್ತಲೆಯ ಭಾಗ, ಪೂರ್ಣ ಕತ್ತಲೆಯ ಭಾಗ ಎಂದು ಗುಹೆಯನ್ನು ವಿಂಗಡಿಸಿ, ಪ್ರತಿ ಭಾಗದಲ್ಲೂ ವೀಕ್ಷಣಾ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿ, ಅಲ್ಲಿನ ಉಷ್ಣತೆ ಮತ್ತು ತೇವಾಂಶವನ್ನು ದಾಖಲಿಸಬೇಕು. ಒಂದೊಂದು ಸ್ಥಳದಲ್ಲೂ ಅಷ್ಟೇ ಜನ ಅಷ್ಟೇ ಹೊತ್ತು ಹುಡುಕಿದರೆ ಮಾತ್ರ ಸಂಖ್ಯೆಗಳನ್ನು ಹೋಲಿಸಲು ಬರುತ್ತದೆ. ಕಲ್ಲಿನ ಅಡಿ, ಒದ್ದೆ ಗೋಡೆ, ಕೊಳೆತ ಕಟ್ಟಿಗೆ, ಬಾವಲಿ ಹಿಕ್ಕೆಯ ರಾಶಿ ಇವನ್ನೆಲ್ಲ ನೋಡಿ, ಎತ್ತಿದ ಕಲ್ಲನ್ನು ಇದ್ದಂತೆಯೇ ಇಡಬೇಕು. ಹಿಕ್ಕೆಯ ಧೂಳಿನಿಂದ ಶ್ವಾಸಕೋಶಕ್ಕೆ ಸೋಂಕು ತಗಲಬಹುದಾದ್ದರಿಂದ ಅಲ್ಲಿ ಮುಖಗವಸು ಬೇಕು.

ಹೊಸಬರು ಸಾಮಾನ್ಯವಾಗಿ ಮರೆಯುವುದು ಮೇಲಿನಿಂದ ತೊಟ್ಟಿಕ್ಕುವ ನೀರನ್ನು. ಛಾವಣಿಯ ಮೇಲಿರುವ ಬಂಡೆಯ ಬಿರುಕುಗಳಲ್ಲಿ ಸಿಗಡಿಯ ದೂರದ ಬಂಧುಗಳಾದ ಕೊಪೆಪಾಡ್‌ಗಳು ಬದುಕುತ್ತವೆ. ನಮ್ಮ ಕೈಗೆಟುಕದ ಆ ಲೋಕದಿಂದ ಅವು ಹನಿಯ ಜೊತೆಗೇ ಕೆಳಗೆ ಬೀಳುತ್ತವೆ. ಹನಿ ಬೀಳುವಲ್ಲಿ ಆಲಿಕೆಯಿಟ್ಟು, ಅದರ ಕೆಳಗೆ ಪಕ್ಕದಲ್ಲಿ ಸೂಕ್ಷ್ಮ ಜಾಲರಿಯ ಕಿಂಡಿಯಿರುವ ಬಾಟಲಿಯನ್ನು ಕೆಲವು ವಾರ ಬಿಟ್ಟರೆ, ನೀರು ಹೊರಗೆ ಹರಿದು ಪ್ರಾಣಿಗಳು ಉಳಿಯುತ್ತವೆ.

ನೆಲದಲ್ಲಿ ಹೂತಿಡುವ ಬಲೆ-ಲೋಟಗಳ ಬಗ್ಗೆ ಎಚ್ಚರ ಅಗತ್ಯ. ಆಹಾರದ ವಾಸನೆಗೆ ದುಂಬಿಗಳು ಗುಂಪಾಗಿ ಬಂದು ಬೀಳುವುದರಿಂದ, ಮರೆತುಬಿಟ್ಟ ಒಂದು ಲೋಟ ಚಿಕ್ಕ ಗುಹೆಯೊಂದರ ಸಂತತಿಯನ್ನೇ ಕುಗ್ಗಿಸೀತು. ಗುಹಾಜೀವಿಗಳ ಬದುಕು ನಿಧಾನದ್ದು: ಯುರೋಪಿನ ಗುಹೆಗಳ ಕುರುಡು ಉಭಯಚರಿ ಓಲ್ಮ್ ಸುಮಾರು 12 ವರ್ಷಗಳಿಗೊಮ್ಮೆ ಮೊಟ್ಟೆಯಿಡುತ್ತದೆ. ಅಂಥ ಪ್ರಾಣಿಯನ್ನು ಹಿಡಿಯುವುದರ ಬದಲು, ನೀರಿನಲ್ಲಿ ಅದು ಬಿಟ್ಟ ಡಿಎನ್ಎಯನ್ನು ಸೋಸಿ ಪರೀಕ್ಷಿಸಬಹುದು.

ಗುರುತಿಸಲು ಹಿಡಿಯಲೇಬೇಕಾದವನ್ನು ಒದ್ದೆ ಕುಂಚದ ತುದಿಯಿಂದ ಎತ್ತಿ ಸೀಸೆಗೆ ಹಾಕಬೇಕು. ಅಂಗರಚನೆಯ ಅಧ್ಯಯನಕ್ಕೆ 70, ಡಿಎನ್ಎಗೆ 95 ಶೇಕಡಾ ಇಥೆನಾಲ್ ಬಳಕೆಯಲ್ಲಿದೆ. ಸ್ಥಳ, ದಿನಾಂಕಗಳ ಚೀಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ಸೀಸೆಯ ಒಳಗೇ ಹಾಕಬೇಕು. ಪೆನ್ನಿನ ಶಾಯಿ ಇಥೆನಾಲ್‌ನಲ್ಲಿ ಕರಗಿಹೋದರೆ ಅದು ಯಾವ ಗುಹೆಯ ಪ್ರಾಣಿಯೆಂದು ಹೇಳುವವರೇ ಇರುವುದಿಲ್ಲ.

ಬೇರೆ ಬೇರೆ ಋತುಗಳಲ್ಲಿ ಇದೇ ಸ್ಥಳಗಳಿಗೆ ಮರಳಿ, ಏನೂ ಸಿಗದ ದಿನವನ್ನೂ ಹುಡುಕಿದ ಹೊತ್ತಿನ ಸಮೇತ ಬರೆದಿಡಬೇಕು. ಆಗಲೂ ವಹಿಯಲ್ಲಿ ‘ಕಾಣಲಿಲ್ಲ’ ಎಂದಿರಬೇಕೇ ಹೊರತು ‘ಇಲ್ಲ’ ಎಂದಲ್ಲ.