ನೋಡಿ, ಬರೆದು, ಆಮೇಲೆ ಓದಿ: ಮೊದಲ ವರ್ಷದ ಜೀವವಿಜ್ಞಾನಕ್ಕೆ ಲ್ಯಾಬಿನ ದಾರಿ

ಪಿಯುಸಿಯ ಜೀವಶಾಸ್ತ್ರದಲ್ಲಿ ತೊಂಬತ್ತರ ಮೇಲೆ ಅಂಕ ಪಡೆದು, ನೀಟ್ ಮತ್ತು ಸಿಇಟಿಗೆಂದು ರಾಶಿ ರಾಶಿ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ, ಮಳೆಗಾಲದಲ್ಲಿ ಮಂಗಳೂರಿನ ಅಥವಾ ಉಡುಪಿಯ ಕಾಲೇಜಿಗೆ ಬಿಎಸ್ಸಿ ಸೇರುವ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಮೊದಲ ಪ್ರಾಕ್ಟಿಕಲ್ ತರಗತಿಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಏನೂ ಕಾಣದೆ ಕಂಗೆಡುವುದನ್ನು ನಾನು ಹಲವು ವರ್ಷ ನೋಡಿದ್ದೇನೆ. ಕೋಶಭಿತ್ತಿಯ ವ್ಯಾಖ್ಯೆ ಅವರಿಗೆ ಬಾಯಿಪಾಠವಾಗಿರುತ್ತದೆ. ಆದರೆ ಕಣ್ಣೆದುರಿಗಿರುವ ಗೆರೆ ಕೋಶಭಿತ್ತಿಯೋ, ಮಾದರಿಯ ಮೇಲೆ ಮುಚ್ಚುವ ತೆಳುಗಾಜಾದ ಕವರ್ ಸ್ಲಿಪ್ಪಿನ ಅಂಚೋ ಎಂದು ಹೇಳಲಾಗುವುದಿಲ್ಲ. ಇದು ಬುದ್ಧಿಯ ಕೊರತೆಯಲ್ಲ, ಕ್ರಮ ತಲೆಕೆಳಗಾದುದರ ಫಲ. ಪುಸ್ತಕದಲ್ಲಿ ಕಲಿತದ್ದನ್ನು ಲ್ಯಾಬಿನಲ್ಲಿ ಒಮ್ಮೆ ನೋಡಿ ಮುಗಿಸುವುದು ನಮ್ಮ ರೂಢಿ. ಲ್ಯಾಬಿನಲ್ಲಿ ಕಂಡದ್ದನ್ನು ಬರೆದುಕೊಂಡು, ಅದರ ಕಾರಣ ಹುಡುಕಲು ಪುಸ್ತಕ ತೆರೆಯುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಹಿಂದಿನ ಸಂಜೆಯ ಹತ್ತು ನಿಮಿಷ

ಮರುದಿನದ ಪ್ರಯೋಗದ ವಿಧಾನವನ್ನಷ್ಟೇ ಓದಿ, ಪುಸ್ತಕ ಮುಚ್ಚಿ, ನಾಳೆ ಏನು ಕಾಣಬಹುದು ಎಂಬುದನ್ನು ಎರಡು ಸಾಲಿನಲ್ಲಿ ಬರೆದಿಡಬೇಕು. ಊಹೆ ತಪ್ಪಾದರೂ ಚಿಂತೆಯಿಲ್ಲ. ಊಹೆಯೇ ಇಲ್ಲದೆ ಹೋದವರಿಗೆ ಫಲಿತಾಂಶ ಅಚ್ಚರಿ ಹುಟ್ಟಿಸುವುದಿಲ್ಲ, ಅಚ್ಚರಿ ಹುಟ್ಟಿಸದ್ದು ನೆನಪಿನಲ್ಲಿಯೂ ಉಳಿಯುವುದಿಲ್ಲ.

ಸೂಕ್ಷ್ಮದರ್ಶಕವನ್ನು ಪಳಗಿಸಿಕೊಳ್ಳುವುದು

ಸ್ಲೈಡ್ ಇಟ್ಟ ಕೂಡಲೇ ದೊಡ್ಡದಾಗಿ ನೋಡುವ ಆತುರ ಬೇಡ. ಮೊದಲು 4 ಪಟ್ಟಿನ ಆಬ್ಜೆಕ್ಟಿವ್ (ಸ್ಲೈಡಿನ ಕಡೆಯ ಲೆನ್ಸ್) ಬಳಸಿ, ಪಕ್ಕದಿಂದ ನೋಡುತ್ತಾ ಲೆನ್ಸನ್ನು ಸ್ಲೈಡಿನ ಹತ್ತಿರಕ್ಕೆ ತಂದು, ಅನಂತರ ಐಪೀಸಿನಲ್ಲಿ (ಕಣ್ಣಿನ ಕಡೆಯ ಲೆನ್ಸ್) ಕಣ್ಣಿಟ್ಟು ಎರಡರ ಅಂತರವನ್ನು ಮೆಲ್ಲನೆ ಹೆಚ್ಚಿಸುತ್ತಾ ಫೋಕಸ್ ಮಾಡಬೇಕು. ಐಪೀಸಿನಲ್ಲಿ ನೋಡುತ್ತಲೇ ಲೆನ್ಸನ್ನು ಹತ್ತಿರಕ್ಕೆ ತರುವವರೇ ಕವರ್ ಸ್ಲಿಪ್ ಒಡೆಯುವವರು. 40 ಪಟ್ಟಿಗೆ ಬಂದ ಮೇಲೆ ದೊಡ್ಡ ತಿರುಗಣೆಯನ್ನು ಮುಟ್ಟಬಾರದು, ಸಣ್ಣದೊಂದೇ ಸಾಕು. ಬಣ್ಣ ಹಾಕದ ಕೋಶಗಳು ಹೆಚ್ಚು ಬೆಳಕಿನಲ್ಲಿ ಕಾಣದೆ ಹೋಗುವುದರಿಂದ ಬೆಳಕು ಬರುವ ರಂಧ್ರವಾದ ಡಯಾಫ್ರಮ್ ಕಿರಿದುಮಾಡಿ ನೋಡಬೇಕು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಲೆನ್ಸಿನ ಮೇಲೆ ಬೂಸು ಬೆಳೆದು ದೃಶ್ಯ ಮಂಕಾಗುತ್ತದೆ; ಆದ್ದರಿಂದ ಕೆಲಸ ಮುಗಿದ ಮೇಲೆ ಉಪಕರಣವನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಒಣ ಜಾಗದಲ್ಲಿ ಇಡಬೇಕು ಮತ್ತು ಗಾಜನ್ನು ಲೆನ್ಸ್ ಪೇಪರಿನಿಂದ ಮಾತ್ರ ಒರೆಸಬೇಕು, ಕರವಸ್ತ್ರದಿಂದ ಅಥವಾ ದುಪಟ್ಟಾದಿಂದ ಖಂಡಿತ ಅಲ್ಲ. ಕಾಣುತ್ತಿರುವ ಚುಕ್ಕೆ ಕೊಳೆಯೋ ಕೋಶದ ಭಾಗವೋ ಎಂಬ ಸಂಶಯ ಬಂದರೆ ಐಪೀಸನ್ನು ತಿರುಗಿಸಿ ನೋಡಬೇಕು. ಚುಕ್ಕೆಯೂ ತಿರುಗಿದರೆ ಕೊಳೆ ಐಪೀಸಿನದು. ಸ್ಲೈಡನ್ನು ಸರಿಸಿದಾಗ ಜೊತೆಗೆ ಸರಿದರೆ ಅದು ಸ್ಲೈಡಿನಲ್ಲಿಯೇ ಇದೆ. ದಪ್ಪ ಕಪ್ಪು ಅಂಚಿನ, ಒಳಗೆ ಏನೂ ಇಲ್ಲದ ದುಂಡನೆಯ ಆಕೃತಿ ಗಾಳಿಗುಳ್ಳೆ; ಅದನ್ನು ಅಚ್ಚುಕಟ್ಟಾಗಿ ಚಿತ್ರಿಸಿ ಕೋಶವೆಂದು ಹೆಸರಿಸಿದ ರೆಕಾರ್ಡುಗಳನ್ನು ನಾನು ಪ್ರತಿ ವರ್ಷವೂ ತಿದ್ದಿದ್ದೇನೆ. ಕವರ್ ಸ್ಲಿಪ್ಪಿನ ಒಂದು ಅಂಚನ್ನು ಮೊದಲು ನೀರಿಗೆ ತಾಗಿಸಿ, ಇನ್ನೊಂದು ಅಂಚನ್ನು ಸೂಜಿಯ ಆಸರೆಯಲ್ಲಿ ಓರೆಯಾಗಿ ಇಳಿಸಿದರೆ ಗುಳ್ಳೆಗಳು ಕಡಿಮೆಯಾಗುತ್ತವೆ.

ಕಂಡದ್ದನ್ನು ಅಳೆದು ಚಿತ್ರಿಸುವುದು

ಹಿರಿಯ ವಿದ್ಯಾರ್ಥಿಯ ರೆಕಾರ್ಡನ್ನು ಎದುರಿಗಿಟ್ಟುಕೊಂಡು ಚಿತ್ರ ನಕಲು ಮಾಡುವ ಅಭ್ಯಾಸ ಈ ವಿಷಯದ ಕಲಿಕೆಯನ್ನು ಬುಡದಲ್ಲಿಯೇ ಕೊಲ್ಲುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸೂಕ್ಷ್ಮದರ್ಶಕದ ಪಕ್ಕದಲ್ಲಿಯೇ ಬಿಳಿಹಾಳೆ ಇಟ್ಟುಕೊಂಡು, ಚೂಪಾದ ಎಚ್‌ಬಿ ಪೆನ್ಸಿಲಿನಿಂದ, ನೆರಳು ಹಚ್ಚದೆ, ಒಂದೇ ಎಳೆಯ ಸ್ಪಷ್ಟ ಗೆರೆಗಳಿಂದ ಮೂರು ನಾಲ್ಕು ಕೋಶಗಳನ್ನು ಬರೆದರೆ ಸಾಕು.

ಜೊತೆಗೆ ಅಳತೆಯೂ ಬೇಕು. ಐಪೀಸಿನ ಮೇಲೆ 18 ಎಂಬ ಕ್ಷೇತ್ರಸಂಖ್ಯೆ ಬರೆದಿದ್ದರೆ ಅದನ್ನು ಆಬ್ಜೆಕ್ಟಿವ್‌ನ 40ರಿಂದ ಭಾಗಿಸಿ. ಕಾಣುತ್ತಿರುವ ವೃತ್ತದ ವ್ಯಾಸ 0.45 ಮಿಲಿಮೀಟರ್, ಅಂದರೆ 450 ಮೈಕ್ರೋಮೀಟರ್ ಎಂದು ಸಿಗುತ್ತದೆ. ಕೆನ್ನೆಯ ಒಳಪದರದಿಂದ ಕಡ್ಡಿಯಲ್ಲಿ ಮೆಲ್ಲನೆ ಕೆರೆದು, ಮಿಥಿಲೀನ್ ಬ್ಲೂ ಹಾಕಿ ನೋಡಿದ ಕೋಶಗಳು ಆ ವೃತ್ತದ ಅಡ್ಡಕ್ಕೆ ಸುಮಾರು ಎಂಟು ಹಿಡಿಯುವಂತಿದ್ದರೆ ಒಂದೊಂದರ ಅಗಲ 56 ಮೈಕ್ರೋಮೀಟರ್‌ನಷ್ಟಾಯಿತು. ಈ ಲೆಕ್ಕವನ್ನು ಸ್ವಂತ ಕೋಶಕ್ಕೆ ಒಮ್ಮೆ ಮಾಡಿದವರಿಗೆ, ಒಂದೆರಡು ಮೈಕ್ರೋಮೀಟರ್ ಉದ್ದದ ಬ್ಯಾಕ್ಟೀರಿಯಾ ಎಷ್ಟು ಚಿಕ್ಕದು ಎಂಬುದನ್ನು ಯಾರೂ ಬೇರೆಯಾಗಿ ಹೇಳಬೇಕಾಗಿಲ್ಲ.

ಈರುಳ್ಳಿ ಬೇರಿನ ತುದಿ

ಮೊದಲ ವರ್ಷದ ಪ್ರಯೋಗಗಳಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಯಾವುದಕ್ಕೆ ಎಂದು ಕೇಳಿದರೆ ನಾನು ಹೇಳುವುದು ಈರುಳ್ಳಿ ಬೇರಿನಲ್ಲಿ ಕೋಶ ವಿಭಜನೆಯನ್ನು ನೋಡುವ ಪ್ರಯೋಗಕ್ಕೆ. ಈರುಳ್ಳಿಯ ಒಣ ಬೇರುಗಳನ್ನು ಕೆರೆದು ತೆಗೆದು, ಬುಡ ಮಾತ್ರ ನೀರಿಗೆ ತಾಗುವಂತೆ ಲೋಟದ ಬಾಯಿಯ ಮೇಲೆ ಕೂರಿಸಿದರೆ ಕೆಲವೇ ದಿನಗಳಲ್ಲಿ ಹೊಸ ಬೇರುಗಳು ಇಳಿಯುತ್ತವೆ. ನೀರನ್ನು ದಿನವೂ ಬದಲಿಸದಿದ್ದರೆ ಮಳೆಗಾಲದಲ್ಲಿ ಬುಡ ಕೊಳೆಯುತ್ತದೆ. ಬೆಳಗ್ಗೆ ತುದಿಗಳನ್ನು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲ ಮತ್ತು ಮೂರು ಪಾಲು ಆಲ್ಕೋಹಾಲ್ ಬೆರೆಸಿದ ದ್ರವದಲ್ಲಿ ಒಂದು ದಿನ ಇಟ್ಟರೆ ಕೋಶಗಳು ಇದ್ದ ಸ್ಥಿತಿಯಲ್ಲಿಯೇ ನಿಲ್ಲುತ್ತವೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೆಚ್ಚಗೆ ಮಾಡಿದಾಗ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪದರ ಸಡಿಲವಾಗುತ್ತದೆ. ಅನಂತರ ಅಸಿಟೋಕಾರ್ಮೈನ್ ಬಣ್ಣ ಹಾಕಿ, ತೀರ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಉಳಿಸಿಕೊಂಡು, ಕವರ್ ಸ್ಲಿಪ್ಪಿನ ಮೇಲೆ ಒತ್ತುಕಾಗದ ಇಟ್ಟು, ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಬೆರಳು ಜಾರಿದರೆ ಕೋಶಗಳು ಸುರುಳಿಗಟ್ಟುತ್ತವೆ. ವಿಭಜನೆ ನಡೆಯುವುದು ತುದಿಯ ಸಣ್ಣ ಭಾಗದಲ್ಲಿ ಮಾತ್ರ; ಅದಕ್ಕಿಂತ ಮೇಲಿನ ಉದ್ದ ಕೋಶಗಳು ಬೆಳೆಯುತ್ತಿವೆಯೇ ಹೊರತು ವಿಭಜಿಸುತ್ತಿಲ್ಲ.

ಈ ಸ್ಲೈಡಿನಲ್ಲಿ ಕೋಶ ವಿಭಜನೆಯ ಹಂತಗಳಾದ ಮೆಟಾಫೇಸ್, ಅನಾಫೇಸ್‌ಗಳನ್ನು ಹುಡುಕಿ ಚಿತ್ರಿಸಿ ಎದ್ದುಹೋಗುವವರೇ ಹೆಚ್ಚು. ದಯವಿಟ್ಟು ಇನ್ನೂ ಅರ್ಧ ಗಂಟೆ ಕುಳಿತು ಇನ್ನೂರು ಕೋಶಗಳನ್ನು ಎಣಿಸಿ, ಯಾವ ಹಂತದಲ್ಲಿ ಎಷ್ಟಿವೆ ಎಂದು ಗೀಟು ಹಾಕಿಕೊಳ್ಳಿ. ಬಹುಪಾಲು ಕೋಶಗಳು ಎರಡು ವಿಭಜನೆಗಳ ನಡುವಿನ ಹಂತವಾದ ಇಂಟರ್‌ಫೇಸ್‌ನಲ್ಲಿಯೇ ಇರುತ್ತವೆ. ಒಂದು ಹಂತದಲ್ಲಿ ಹೆಚ್ಚು ಕೋಶಗಳು ಸಿಕ್ಕುತ್ತವೆಂದರೆ ಕೋಶವು ಆ ಹಂತದಲ್ಲಿ ಹೆಚ್ಚು ಕಾಲ ಕಳೆಯುತ್ತದೆ ಎಂದರ್ಥ. ನಿಂತುಹೋದ ಕೋಶಗಳಿಂದ ಕಾಲವನ್ನು ಓದುವ ಈ ಉಪಾಯ ಕೈಗೆ ಸಿಕ್ಕಿದ ದಿನ ವಿದ್ಯಾರ್ಥಿಯ ಮುಖದಲ್ಲಿ ಕಾಣುವ ಬೆಳಕನ್ನು ನೋಡಲೆಂದೇ ನಾನು ಈ ಪ್ರಯೋಗಕ್ಕೆ ಕಾಯುತ್ತಿದ್ದೆ. ಈರುಳ್ಳಿಯ ಕ್ರೋಮೋಸೋಮುಗಳ ಸಂಖ್ಯೆ 16; ಚೆನ್ನಾಗಿ ಒತ್ತಿದ ಮೆಟಾಫೇಸ್ ಸಿಕ್ಕಿದರೆ ಎಣಿಸಲು ಪ್ರಯತ್ನಿಸಬಹುದು.

ಗಂಜಿಯ ತಿಳಿ ಮತ್ತು ಹೋಲಿಕೆಯ ನಳಿಕೆ

ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದನ್ನು ತೋರಿಸಲು ಕುಚ್ಚಲಕ್ಕಿ ಗಂಜಿಯ ತಿಳಿಯೇ ಸಾಕು, ಆದರೆ ಅದು ತಣಿದಿರಬೇಕು. ಬಿಸಿ ತಿಳಿಗೆ ಅಯೋಡಿನ್ ಹಾಕಿದರೆ ನೀಲಿ ಬಣ್ಣ ಸರಿಯಾಗಿ ನಿಲ್ಲುವುದಿಲ್ಲ, ಆಗ ಪಿಷ್ಟವೇ ಇಲ್ಲವೆಂಬ ತಪ್ಪು ನಿರ್ಣಯಕ್ಕೆ ಬರುತ್ತೀರಿ. ಒಂದು ನಳಿಕೆಗೆ ತಿಳಿ ಮತ್ತು ಜೊಲ್ಲು, ಇನ್ನೊಂದಕ್ಕೆ ತಿಳಿ ಮತ್ತು ಕುದಿಸಿ ತಣಿಸಿದ ಜೊಲ್ಲು ಹಾಕಿ, ಎರಡನ್ನೂ 37 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿಟ್ಟು, ಎರಡು ನಿಮಿಷಕ್ಕೊಮ್ಮೆ ಒಂದೊಂದು ಹನಿಯನ್ನು ಅಯೋಡಿನ್‌ಗೆ ಬೆರೆಸಿ ನೋಡಬೇಕು. ಎರಡನೆಯ ನಳಿಕೆ ಇಲ್ಲದಿದ್ದರೆ ನೀಲಿ ಮಾಯವಾದದ್ದು ಕಿಣ್ವದಿಂದಲೋ, ಬರಿಯ ನೀರು ಬೆರೆತದ್ದರಿಂದಲೋ ಎಂದು ಹೇಳಲಾಗುವುದಿಲ್ಲ. ಯಾವುದೇ ಪ್ರಯೋಗದಲ್ಲಿಯೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇಲ್ಲಿ ಹೋಲಿಕೆಯ ನಳಿಕೆ ಯಾವುದು?

ಹಿತ್ತಲು ಮತ್ತು ಮೀನು ಮಾರುಕಟ್ಟೆ

ಹೂವಿನ ರಚನೆಯನ್ನು ಕಲಿಯಲು ದಾಸವಾಳವನ್ನೂ ಗುಡ್ಡೆಯ ಕೇಪುಳವನ್ನೂ ಒಟ್ಟಿಗೆ ಬಿಡಿಸಿ ನೋಡಬೇಕು. ಕೇಪುಳವನ್ನು ಗುಡ್ಡೆ ದಾಸವಾಳ ಎಂದು ಕರೆಯುವವರೂ ನಮ್ಮಲ್ಲಿದ್ದಾರೆ. ಆದರೆ ದಾಸವಾಳಕ್ಕೆ ಐದು ಬಿಡಿ ದಳಗಳು ಮತ್ತು ಕೊಳವೆಯಂತೆ ಕೂಡಿದ ಕೇಸರಗಳು. ಕೇಪುಳಕ್ಕೆ ಉದ್ದ ಕೊಳವೆಯ ತುದಿಯಲ್ಲಿ ನಾಲ್ಕು ಎಸಳುಗಳು, ಅಂಡಾಶಯ ಉಳಿದ ಭಾಗಗಳ ಕೆಳಗೆ, ಎದುರುಬದುರು ಎಲೆಗಳ ತೊಟ್ಟುಗಳ ನಡುವೆ ಸಣ್ಣ ಉಪಪತ್ರ. ಅದು ಕಾಫಿಯ ಕುಟುಂಬದ ಗಿಡ. ಊರಿನ ಹೆಸರಿಗೂ ಶಾಸ್ತ್ರೀಯ ವರ್ಗೀಕರಣಕ್ಕೂ ಇರುವ ಅಂತರ ಬ್ಲೇಡಿನ ಎರಡು ಗೀರಿನಲ್ಲಿ ತಿಳಿಯುತ್ತದೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2014ರ ಸೂಚನೆಯ ಬಳಿಕ ಪದವಿ ತರಗತಿಗಳಲ್ಲಿ ಪ್ರಾಣಿಗಳ ಛೇದನ ನಿಂತಿದೆ, ಅದು ಸರಿಯಾದ ನಿರ್ಧಾರವೂ ಹೌದು. ಆದರೆ ಮನೆಯಲ್ಲಿ ಅಡುಗೆಗೆಂದು ತಂದ ಬಂಗುಡೆಯನ್ನು ಸ್ವಚ್ಛ ಮಾಡುವಾಗ ಪಕ್ಕದಲ್ಲಿ ನಿಂತು ನೋಡಲು ಯಾವ ಅಡ್ಡಿಯೂ ಇಲ್ಲ. ಕಿವಿರಿನ ಮುಚ್ಚಳವನ್ನೆತ್ತಿದರೆ ಪ್ರತಿ ಬದಿಯಲ್ಲಿ ನಾಲ್ಕು ಕೆಂಪು ಕಿವಿರುಗಳು, ಬಾಯಿ ತೆರೆದರೆ ಬಾಚಣಿಗೆಯಂತಹ ಉದ್ದ ಹಲ್ಲುಗಳ ಸಾಲು. ಆ ಸಾಲು ನೀರಿನಿಂದ ಪ್ಲವಕಗಳನ್ನು (ತೇಲಾಡುವ ಸಣ್ಣ ಜೀವಿಗಳನ್ನು) ಸೋಸುವ ಜರಡಿ. ಬೂತಾಯಿಯ ಒಂದು ಹುರುಪೆಯನ್ನು ತೊಳೆದು ಕಾಗದದಲ್ಲಿ ಮಡಚಿ ತಂದರೆ 4 ಪಟ್ಟಿನ ಲೆನ್ಸಿನಲ್ಲಿ ನೋಡಬಹುದು.

ಅದೇ ರಾತ್ರಿಯ ಓದು

ಲ್ಯಾಬ್ ಮುಗಿದ ರಾತ್ರಿಯೇ ಸಂಬಂಧಿಸಿದ ಅಧ್ಯಾಯವನ್ನು ಓದಬೇಕು, ಒಂದು ವಾರ ಕಳೆದ ಮೇಲೆ ಅಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಪದಗಳಿಗೆ ಅಂಜದೆ ಅವುಗಳ ಮೂಲವನ್ನು ತಿಳಿದುಕೊಳ್ಳಬೇಕು: ಸ್ಟೋಮಾ ಎಂದರೆ ಗ್ರೀಕಿನಲ್ಲಿ ಬಾಯಿ, ನಮ್ಮ ಪತ್ರರಂಧ್ರ, ಮೈಟೊಕಾಂಡ್ರಿಯಾ ಎಂದರೆ ನೂಲು ಮತ್ತು ಕಾಳು. ಆಸ್ಮೋಸಿಸ್ (ತೆಳುಪೊರೆಯ ಮೂಲಕ ನೀರು ಗಾಢ ದ್ರಾವಣದ ಕಡೆಗೆ ಹರಿಯುವುದು) ಓದುವಾಗ ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿ ಸುಕ್ಕಾಗಿ ನೀರು ಬಿಡುವುದನ್ನು ನೆನಪಿಸಿಕೊಂಡು, ಲ್ಯಾಬಿನಲ್ಲಿ ಗಾಢ ದ್ರಾವಣದಲ್ಲಿಟ್ಟ ರಿಯೋ ಎಂಬ ಗಿಡದ ಎಲೆಯ ಕೋಶಗಳಲ್ಲಿ ನೇರಳೆ ಬಣ್ಣದ ಒಳಭಾಗ ಭಿತ್ತಿಯಿಂದ ಕಳಚಿ ಮುದುಡಿದ್ದಕ್ಕೂ ಅದಕ್ಕೂ ಕಾರಣ ಒಂದೇ ಎಂಬುದನ್ನು ಸ್ವಂತ ಮಾತಿನಲ್ಲಿ ಬರೆಯಬೇಕು. ಪರೀಕ್ಷೆಯಲ್ಲಿ ಸ್ಪಾಟರ್ (ಹೆಸರಿಸಲೆಂದು ಇಟ್ಟ ಮಾದರಿ) ಗುರುತಿಸುವಾಗಲೂ ಹೆಸರಿನ ಮುಂದೆ ಕಣ್ಣಿಗೆ ಕಂಡ ಎರಡು ಲಕ್ಷಣಗಳನ್ನು ಬರೆಯುವ ಅಭ್ಯಾಸ ಇಲ್ಲಿಂದಲೇ ಬರುತ್ತದೆ.

ಮಳೆ ಬಿಟ್ಟ ಮೇಲೆ, ಇಳಿತದ ಹೊತ್ತು ನೋಡಿಕೊಂಡು, ಸೀತಾ ಮತ್ತು ಸ್ವರ್ಣಾ ನದಿಗಳ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬಳಿಗೆ ಅಧ್ಯಾಪಕರೊಂದಿಗೆ ಒಮ್ಮೆ ಹೋಗಿಬನ್ನಿ. ಕೆಸರಿನಿಂದ ಮೇಲೆದ್ದ ಉಸಿರುಬೇರುಗಳನ್ನು, ತಾಯಿಗಿಡದಲ್ಲಿ ತೂಗುತ್ತಿರುವಾಗಲೇ ಮೊಳೆತ ಬೀಜಗಳನ್ನು ಅಲ್ಲಿಯೇ ನಿಂತು ಚಿತ್ರಿಸಿ, ದಿನಾಂಕ, ಸ್ಥಳ, ಹೊತ್ತು ಮತ್ತು ನೀರಿನ ಮಟ್ಟವನ್ನು ಪಕ್ಕದಲ್ಲಿ ಬರೆದಿಡಿ. ಶಾಯಿಯ ಪೆನ್ನು ಬೇಡ, ನೀರು ತಾಗಿದರೂ ಅಳಿಸದ ಪೆನ್ಸಿಲೇ ಇರಲಿ.