ಏಣಿ ಹತ್ತುವವನಿಗೆ ಜೇಡದ ಭಯ

ಮನೆ ವೈರಿಂಗ್ ಮಾಡುವವನಿಗೆ ಜೇಡದ ಭಯವಿದ್ದರೆ ಹೊಟ್ಟೆಪಾಡಿಗೇ ಕುತ್ತು. ಧಾರವಾಡದ ಮಾಳಮಡ್ಡಿಯಲ್ಲಿ, ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಹಂಚಿನ ಮನೆಗಳು ಇನ್ನೂ ಉಳಿದಿವೆ. ಅಲ್ಲಿನ ಅಟ್ಟ, ಮೀಟರ್ ಪೆಟ್ಟಿಗೆ, ಮರದ ಸ್ವಿಚ್ ಬೋರ್ಡಿನ ಹಿಂಬದಿ, ಬಚ್ಚಲಿನ ಮೇಲಿನ ಮೂಲೆ ಎಲ್ಲವೂ ನಾನು ಕೈ ಹಾಕಲೇಬೇಕಾದ ಜಾಗಗಳು. ಕತ್ತಲೆ ಇದೆ, ಬೆಚ್ಚಗಿದೆ, ಯಾರ ಓಡಾಟವೂ ಇಲ್ಲ. ಹಾಗಾಗಿ ಜೇಡಕ್ಕೂ ಅವೇ ಬೇಕು. ಎಷ್ಟೋ ವರ್ಷ ನಾನು ಸಹಾಯಕ ಹುಡುಗನನ್ನು ಮೊದಲು ಹತ್ತಿಸಿ, ಅವನು ಬಲೆಯೆಲ್ಲ ಬಳಿದ ಮೇಲೆಯೇ ಏಣಿ ಹತ್ತುತ್ತಿದ್ದೆ. ಅವನು ಬಾರದ ದಿನ ಏನಾದರೂ ನೆಪ ಹೇಳಿ ಕೆಲಸವನ್ನು ಮುಂದಕ್ಕೆ ಹಾಕುತ್ತಿದ್ದೆ.

ನನಗಿದ್ದದ್ದು ಕಚ್ಚೀತೆಂಬ ಭಯವಲ್ಲ, ಆ ಓಟದ ಭಯ. ಅಲ್ಲಾಡದೆ ಕುಳಿತ ಜೇಡ ಕಣ್ಣು ಮಿಟುಕಿಸುವಷ್ಟರಲ್ಲಿ ಗೋಡೆಯ ಇನ್ನೊಂದು ತುದಿಯಲ್ಲಿರುತ್ತದೆ. ಎತ್ತ ಓಡುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. ನೆಲದ ಮೇಲಿದ್ದಾಗ ಹೀಗಾದರೆ ನಾಚಿಕೆಯಾಗುತ್ತದೆ, ಅಷ್ಟೆ. ಏಣಿಯ ತುದಿಯಲ್ಲಿ, ಪಕ್ಕದಲ್ಲೇ ಹಳೆಯ ತಂತಿಗಳಿರುವಾಗ ಹೀಗಾದರೆ ಪ್ರಾಣವೇ ಹೋಗಬಹುದು.

ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು, 'ಒಮ್ಮೆ ಮೈಮೇಲೆ ಬಿಟ್ಟರೆ ಭಯ ತಾನೇ ಹೋಗುತ್ತದೆ ತಮ್ಮಾ' ಎನ್ನುತ್ತ ಒಂದು ಜೇಡವನ್ನು ನನ್ನ ಹೆಗಲಿಗೆ ಎಸೆದರು. ಹೋಗಲಿಲ್ಲ, ಬೆಳೆಯಿತು. ಅಲ್ಲಿಯವರೆಗೆ ಜೇಡ ಕಂಡರೆ ಮಾತ್ರ ಹೆದರುತ್ತಿದ್ದವನು, ಅದರ ನಂತರ ಇರಬಹುದೆಂಬ ಅನುಮಾನಕ್ಕೇ ಹೆದರತೊಡಗಿದೆ. ಇದನ್ನು ಓದುವವರಲ್ಲಿ ಯಾರಾದರೂ ಹೆದರುವ ಮಕ್ಕಳಿಗೋ ಗೆಳೆಯರಿಗೋ ಹೀಗೆ ಮಾಡುವವರಿದ್ದರೆ ದಯವಿಟ್ಟು ಮಾಡಬೇಡಿ. ಭಯದ ಹತ್ತಿರ ಎಷ್ಟು ಹೋಗಬೇಕು, ಯಾವಾಗ ಹೋಗಬೇಕು ಎಂಬುದು ಹೆದರುವವನ ಕೈಯಲ್ಲೇ ಇರಬೇಕು.

ನನಗೆ ದಾರಿ ತೋರಿಸಿದವರು ಸಪ್ತಾಪುರದಲ್ಲಿ ನಾನು ವೈರಿಂಗ್ ಮಾಡಿಕೊಟ್ಟ ಮನೆಯ ಒಬ್ಬ ಮನಃಶಾಸ್ತ್ರಜ್ಞೆ. ನಾನು ಅಟ್ಟ ಹತ್ತಲು ಹಿಂಜರಿದದ್ದನ್ನು ಕಂಡು, ನಗದೆ, ಕಾರಣ ಕೇಳಿದರು. ಅವರು ಹೇಳಿದ್ದರಲ್ಲಿ ಒಂದು ಮಾತು ಮನಸ್ಸಿಗೆ ನಾಟಿತು: 'ನೀವು ಪ್ರತಿ ಸಲ ಓಡಿದಾಗ ಹಾಯೆನಿಸುತ್ತದಲ್ಲ, ಭಯಕ್ಕೆ ಮೇವು ಅದೇ. ಓಡಿದ್ದರಿಂದ ಉಳಿದೆ ಎಂದು ಮನಸ್ಸು ಬರೆದುಕೊಳ್ಳುತ್ತದೆ. ಓಡದಿದ್ದರೆ ಏನಾಗುತ್ತಿತ್ತು ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ.' ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನಃಶಾಸ್ತ್ರಜ್ಞೆ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಮಗುವಿಗೆ ಅದರ ಇಷ್ಟದ ತಿಂಡಿ ಕೊಡುತ್ತ, ಮೊಲದ ಪಂಜರವನ್ನು ದೂರದಿಂದ ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದ್ದನ್ನು 1924ರಲ್ಲೇ ಬರೆದಿದ್ದಾರಂತೆ. ಸ್ವೀಡನ್ನಿನ ಲಾರ್ಸ್ ಯೋರಾನ್ ಓಸ್ಟ್ ಎಂಬ ಮನಃಶಾಸ್ತ್ರಜ್ಞರು 1989ರಲ್ಲಿ, ಇಂಥ ಒಂದೊಂದು ವಸ್ತುವಿನ ಭಯಗಳಿಗೆ ಹೆಚ್ಚೆಂದರೆ ಮೂರು ಗಂಟೆಯ ಒಂದೇ ಭೇಟಿಯಲ್ಲಿ ಮುಗಿಸುವ ಚಿಕಿತ್ಸೆಯನ್ನು ವಿವರಿಸಿದರು. ಅದಕ್ಕೆ ತಜ್ಞರು ಪಕ್ಕದಲ್ಲೇ ಇರಬೇಕು. ನಾನು ನಿಧಾನದ ದಾರಿಯನ್ನೇ ಆರಿಸಿಕೊಂಡೆ.

ಬಿಲ್ ಪುಸ್ತಕದ ಹಿಂಬದಿಯಲ್ಲಿ ಒಂದು ಪಟ್ಟಿ ಬರೆದೆ. ಪ್ರತಿ ಸಾಲಿನ ಮುಂದೆ ಭಯಕ್ಕೆ ನೂರರಲ್ಲಿ ಅಂಕ. ಜೇಡದ ರೇಖಾಚಿತ್ರ ನೋಡುವುದಕ್ಕೆ ಕಡಿಮೆ ಅಂಕ, ಮೊಬೈಲಿನಲ್ಲಿ ಫೋಟೊ ನೋಡುವುದಕ್ಕೆ ಸ್ವಲ್ಪ ಹೆಚ್ಚು, ಓಡುವ ಜೇಡದ ವಿಡಿಯೊಗೆ ಇನ್ನೂ ಹೆಚ್ಚು. ಆಮೇಲೆ ಸತ್ತ ಜೇಡ, ಬಾಟಲಿಯೊಳಗಿನ ಜೇಡ, ಬಚ್ಚಲಿನ ಮೂಲೆಯ ಜೇಡ. ಕಟ್ಟಕಡೆಗೆ ಅಟ್ಟದ ದೊಡ್ಡ ಚಪ್ಪಟೆ ಜೇಡ, ಅದಕ್ಕೆ ನೂರಕ್ಕೆ ನೂರು. ನಿಯಮ ಒಂದೇ: ಯಾವ ಮೆಟ್ಟಿಲಿನಲ್ಲೂ ಭಯ ಏರಿದ ಹೊತ್ತಿನಲ್ಲಿ ಎದ್ದು ಹೋಗಬಾರದು. ಅಂಕ ಅರ್ಧಕ್ಕೆ ಇಳಿಯುವವರೆಗೆ ಅಲ್ಲೇ ಇರಬೇಕು. ಮರುದಿನ ಮತ್ತೆ ಅದನ್ನೇ ಮಾಡಬೇಕು. ನೋಡಿ ನೋಡಿ ಬೇಸರ ಬಂದ ಮೇಲೆಯೇ ಮುಂದಿನ ಸಾಲು.

ಫೋಟೊಗಳ ಹಂತ ಬೇಗ ಮುಗಿಯಿತು. ಸತ್ತ ಜೇಡದ ಮುಂದೆ ಬಹಳ ಹೊತ್ತು ಕುಳಿತೆ, ಏಕೆಂದರೆ ನಾನು ಅಷ್ಟು ಹೆದರುತ್ತಿದ್ದ ಕಾಲುಗಳು ಅಲ್ಲಿ ಒಳಮುಖವಾಗಿ ಮುದುಡಿಕೊಂಡಿದ್ದವು. ಯಾಕೆ ಹೀಗೆ ಎಂದು ಹುಡುಕಿ ಓದಿದೆ. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಚುವ ಸ್ನಾಯುಗಳಿವೆ, ಚಾಚುವ ಸ್ನಾಯುಗಳಿಲ್ಲ. ಮೈಯೊಳಗಿನ ದ್ರವವನ್ನು ಒತ್ತಡದಿಂದ ಕಾಲಿಗೆ ನುಗ್ಗಿಸಿ ಅದು ಕಾಲು ಚಾಚುತ್ತದೆ. ಸತ್ತ ಮೇಲೆ ಒತ್ತಡವಿಲ್ಲ, ಆದ್ದರಿಂದ ಕಾಲುಗಳು ಮುದುಡುತ್ತವೆ. ಇದು ತಿಳಿದ ದಿನ, ನನ್ನನ್ನು ಅಷ್ಟು ಕಾಡಿದ ಓಟ ಮೊದಲ ಬಾರಿಗೆ ನನಗೆ ಅರ್ಥವಾಗುವ ಯಂತ್ರದಂತೆ ಕಂಡಿತು.

ಬಚ್ಚಲಿನ ಮೂಲೆಯಲ್ಲಿದ್ದದ್ದು ಕೂದಲೆಳೆಯಂಥ ಕಾಲುಗಳ ಬಡಕಲು ಜೇಡ. ಮನೆಮನೆಯಲ್ಲೂ ಸಿಗುವಂಥದ್ದು. ಮೊದಲು ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕುಳಿತೆ, ಆಮೇಲೆ ಒಳಗೆ, ಆಮೇಲೆ ಅದರ ಕೆಳಗೇ. ಮೆಲ್ಲಗೆ ಉಸಿರು ಬಿಟ್ಟರೆ ಅದು ಬಲೆಯಲ್ಲೇ ಗರಗರನೆ ಮೈ ತಿರುಗಿಸುತ್ತ ಮಸುಕಾಗಿ ಬಿಡುತ್ತದೆ. ನನ್ನನ್ನು ಹೆದರಿಸಲು ಹಾಗೆ ಮಾಡುತ್ತಿದೆ ಎಂದು ಎಷ್ಟೋ ಸಲ ನೋಟ ತಿರುಗಿಸಿದ್ದೆ. ಅದು ತನ್ನನ್ನು ಹಿಡಿಯಲು ಬಂದವರ ಕಣ್ಣು ತಪ್ಪಿಸುವ ಉಪಾಯ. ಬಲೆಯಲ್ಲಿ ಅದರದೇ ಆಕಾರದ ಪೊಳ್ಳು ಚರ್ಮಗಳು ತೂಗಾಡುತ್ತಿದ್ದವು. ಬೆಳೆಯುವಾಗ ಕಳಚಿಟ್ಟ ಪೊರೆಗಳು. ನಾನು ಜೇಡಗಳ ಹಿಂಡೆಂದು ತಿಳಿದಿದ್ದ ಆ ಮೂಲೆಯಲ್ಲಿ ಇದ್ದದ್ದು ಒಂದೇ ಜೀವ.

ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಅಂಕಣ ಮಾಡಿದ್ದೆ. ಶುರು ಮಾಡುವ ಮುನ್ನ 'ಏನಾಗುತ್ತದೆ' ಎಂದು ಬರೆಯುವುದು, ಮುಗಿದ ಮೇಲೆ 'ಏನಾಯಿತು' ಎಂದು ಬರೆಯುವುದು. 'ಮುಖಕ್ಕೆ ಹಾರುತ್ತದೆ' ಎಂಬುದರ ಎದುರು 'ಸಂದಿಗೆ ಸರಿಯಿತು'. 'ಕೈಯ ಮೇಲೆ ಓಡಿ ಬರುತ್ತದೆ' ಎಂಬುದರ ಎದುರು 'ಅಲ್ಲಾಡಲಿಲ್ಲ'. ಹೀಗೆ ಪುಟ ತುಂಬಿದ ಮೇಲೆ ವಾದ ಮಾಡಲು ಮನಸ್ಸಿಗೆ ಏನೂ ಉಳಿಯಲಿಲ್ಲ. ನನ್ನ ಮಟ್ಟಿಗೆ, ಧೈರ್ಯದ ಮಾತುಗಳೆಲ್ಲ ಸೇರಿ ಮಾಡದ ಕೆಲಸವನ್ನು ಈ ಎರಡು ಅಂಕಣ ಮಾಡಿದವು.

ಕೈಗವಸಿನ ವಿಷಯ ಹೇಳಲೇಬೇಕು. ನಾನು ಜೇಡವಿರುವ ಜಾಗಕ್ಕೆಲ್ಲ ರಬ್ಬರ್ ಕೈಗವಸು ಹಾಕಿಕೊಂಡು ಹೋಗುತ್ತಿದ್ದೆ. ಕರೆಂಟಿಗಾಗಿ ಹಾಕುವ ಕೈಗವಸು ಬೇರೆ, ಅದನ್ನು ಯಾರೂ ಬಿಡಬಾರದು. ನಾನು ಹೇಳುವುದು ಮೇನ್ ಸ್ವಿಚ್ ಆಫ್ ಮಾಡಿದ ಮೇಲೂ, ಬರೀ ನೋಡುತ್ತ ಕೂರುವಾಗಲೂ ಹಾಕಿಕೊಂಡದ್ದರ ಬಗ್ಗೆ. ಕೈಯಲ್ಲಿ ಪೊರಕೆ ಹಿಡಿದು ನಿಲ್ಲುವುದು, ಓರೆಗಣ್ಣಲ್ಲಿ ನೋಡುವುದು ಕೂಡ ಇದೇ ಜಾತಿಯವು. ಇವು ಇರುವವರೆಗೆ 'ಕೈಗವಸು ಇತ್ತು, ಅದಕ್ಕೇ ಉಳಿದೆ' ಎಂದೇ ಮನಸ್ಸು ಹೇಳುತ್ತದೆ. ಒಂದೊಂದಾಗಿ ಬಿಟ್ಟೆ.

ಅಟ್ಟದ ಜೇಡವನ್ನು ಕೊನೆಗೆ ಒಂದು ಸಂಜೆ ನಮ್ಮ ಮನೆಯಲ್ಲೇ ಎದುರಿಸಿದೆ. ಕಂದು ಬಣ್ಣ, ಕಾಲು ಚಾಚಿದರೆ ಅಂಗೈಯಗಲ. ಇದು ಬಲೆ ಕಟ್ಟಿ ಕಾಯುವುದಿಲ್ಲ, ರಾತ್ರಿ ಗೋಡೆಯ ಮೇಲೆ ಸುತ್ತಾಡಿ ಜಿರಲೆ ಹಿಡಿಯುತ್ತದೆ. ಬ್ಯಾಟರಿ ಬೆಳಕಿನಲ್ಲಿ ನೋಡಿದರೆ ಹೊಟ್ಟೆಯಡಿಯಲ್ಲಿ ದುಂಡನೆಯ, ಚಪ್ಪಟೆಯಾದ ಬಿಳಿ ಚೀಲ: ಮೊಟ್ಟೆಗಳು. ಅದನ್ನು ಹೊತ್ತುಕೊಂಡೇ ತಿರುಗುತ್ತಿತ್ತು. ಎದೆ ಬಡಿತ ಏರಿತು, ಏರಿಯೇ ಇತ್ತು, ಆಮೇಲೆ ಯಾರೂ ಏನೂ ಮಾಡದೆ ತಾನಾಗಿ ಇಳಿಯಿತು. ಅಷ್ಟು ಹೊತ್ತೂ ಅದು ಹಂಚಿನ ರೀಪಿನ ಮೇಲೆ, ನಾನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ. ಮತ್ತೊಂದು ದಿನ ಅಂಥದ್ದನ್ನೇ ಗೋಡೆಯ ಮೇಲೆ ದೊಡ್ಡ ಡಬ್ಬಿಯಿಂದ ಮುಚ್ಚಿ, ಅಡಿಯಲ್ಲಿ ಹಳೆಯ ಲಗ್ನಪತ್ರಿಕೆ ತೂರಿಸಿ, ಹಿತ್ತಲಿಗೆ ಬಿಟ್ಟು ಬಂದೆ. ಡಬ್ಬಿಯೊಳಗೆ ಕಾಗದದ ಮೇಲೆ ಅದರ ಕಾಲುಗಳ ಸದ್ದು ಕೇಳಿಸುತ್ತಿತ್ತು.

ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಯಾರ ಕತ್ತಿನ ಮೇಲಾದರೂ ಉರಿಯುವ ಬರೆ ಎದ್ದರೆ ಅವ್ವ 'ಜೇಡ ಉಚ್ಚೆ ಹೊಯ್ದಿದೆ' ಎನ್ನುತ್ತಿದ್ದಳು. ನನ್ನ ಭಯದ ಬೇರು ಅಲ್ಲೂ ಇತ್ತು. ಇಂಥ ಎಷ್ಟೋ ಬರೆಗಳಿಗೆ ಕಾರಣ ಟ್ಯೂಬ್‌ಲೈಟಿಗೆ ಬರುವ, ಕೆಂಪು ಕಪ್ಪು ಪಟ್ಟೆಯ ಸಣ್ಣ ಉದ್ದನೆಯ ಜೀರುಂಡೆ. ಅದು ಮೈಮೇಲೆ ಕುಳಿತಾಗ ಉಜ್ಜಿದರೆ ಒಳಗಿನ ರಸ ಚರ್ಮವನ್ನು ಸುಡುತ್ತದೆ. ದೀಪ ಹಾಕುವ ಕೆಲಸದವನಾಗಿ ಆ ಹುಳವನ್ನು ದಿನಾ ನೋಡಿದ್ದೆ. ಎರಡನ್ನೂ ಜೋಡಿಸಿ ನೋಡಿರಲಿಲ್ಲ. ಉಜ್ಜದೆ ಊದಿಬಿಡಬೇಕು, ತಗುಲಿದ್ದರೆ ಸೋಪಿನಿಂದ ತೊಳೆಯಬೇಕು.

ಮನೆಯಲ್ಲಿ ಗೆದ್ದದ್ದು ಹೊರಗೆ ತಾನಾಗಿ ಬರಲಿಲ್ಲ. ಗದಗಿನ ಕಡೆ ಎರೆಹೊಲಗಳಲ್ಲಿ ಪಂಪ್‌ಸೆಟ್ ರಿಪೇರಿಗೆ ಹೋದಾಗ ಜಾಲಿಕಂಟಿಯ ಮೇಲೆ ಎಲೆ, ಕಸ, ನೂಲು ಸೇರಿಸಿ ಹೆಣೆದ ದೊಡ್ಡ ಗಂಟುಗಳು ಕಂಡವು. ಒಂದೇ ಗೂಡಿನಲ್ಲಿ ನೂರಾರು ಜೇಡಗಳು ಕೂಡಿ ಬಾಳುವ ಜಾತಿ ಅದು. ಬೇಟೆಯನ್ನೂ ಕೂಡಿಯೇ ಹಿಡಿಯುತ್ತವೆ. ಭಯ ಮತ್ತೆ ಮೇಲಕ್ಕೆ ಬಂತು. ದಾರಿ ಹಳೆಯದೇ: ದೂರ ನಿಲ್ಲುವುದು, ಇಳಿಯುವವರೆಗೆ ಕಾಯುವುದು, ಒಂದು ಹೆಜ್ಜೆ ಮುಂದಿಡುವುದು. ಬಹಳ ದಿನ ಜೇಡ ನೋಡದಿದ್ದರೂ ಭಯ ಸ್ವಲ್ಪ ಹಿಂದಿರುಗುತ್ತದೆ, ಆಗಲೂ ಇದೇ. ಸ್ಟಾರ್ಟರ್ ಡಬ್ಬಿ ತೆರೆಯುವಾಗ ಮೊದಲು ಕೋಲಿನಿಂದ ತಟ್ಟುವುದನ್ನು ಮಾತ್ರ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಅಲ್ಲಿ ಚೇಳಿರುತ್ತದೆ, ಹಾವಿರುತ್ತದೆ. ಜೇಡವನ್ನೂ ಬರಿಗೈಯಲ್ಲಿ ಹಿಡಿಯುವ ಅಗತ್ಯವಿಲ್ಲ. ಅದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ಈಗಲೂ ಒಂದು ಜೇಡ ತಟ್ಟನೆ ನೂಲು ಬಿಟ್ಟು ಕಣ್ಣೆದುರು ಇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಏಣಿ ಬಿಟ್ಟು ಇಳಿಯುವುದಿಲ್ಲ, ಕೈಯಲ್ಲಿನ ಕೆಲಸ ಮುಂದುವರಿಯುತ್ತದೆ. ನನಗೆ ಬೇಕಾಗಿದ್ದದ್ದು ಇಷ್ಟೇ.

ಭಯದಿಂದ ತಲೆ ಸುತ್ತಿ ಬೀಳುವವರು, ಹೃದಯದ ತೊಂದರೆ ಇರುವವರು, ಮೊದಲ ಮೆಟ್ಟಿಲಲ್ಲೇ ಉಸಿರು ಕಟ್ಟಿದಂತಾಗುವವರು ಇದನ್ನು ಒಬ್ಬರೇ ಮಾಡಬೇಡಿ. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಮನೆಯಿಂದಲೇ ಕೇಳಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.